ಛಾವಣಿ ತೆರೆದ ಸೂಪರ್‌ಕಾರಿನ ಬಿಗಿತ, ತೂಕ ಮತ್ತು ಗಾಳಿ: ಒಂದು ಚರ್ಚೆ

ಕುಕ್ಕರಹಳ್ಳಿ ಏರಿ, ಮೈಸೂರು:

ಛಾವಣಿ ತೆರೆಯುವ ಸೂಪರ್‌ಕಾರು ನೋಟಕ್ಕೆ ಚೆನ್ನ, ಓಟಕ್ಕೆ ಅಷ್ಟಕ್ಕಷ್ಟೇ ಎಂಬ ಮಾತನ್ನು ನಮ್ಮಲ್ಲಿ ಕಾರಿನ ಹುಚ್ಚಿರುವ ಹಲವರು ಇಂದಿಗೂ ಹೇಳುತ್ತಾರೆ. ಛಾವಣಿ ತೆಗೆದರೆ ಒಡಲು ಸಡಿಲವಾಗುತ್ತದೆ, ಅದನ್ನು ಬಿಗಿ ಮಾಡಲು ಲೋಹ ಸೇರಿಸಬೇಕಾಗುತ್ತದೆ, ಲೋಹ ಸೇರಿಸಿದರೆ ತೂಕ ಏರಿ ವೇಗ ಇಳಿಯುತ್ತದೆ ಎಂಬುದು ಅವರ ತರ್ಕ. ತರ್ಕದಲ್ಲಿ ದೋಷವಿಲ್ಲ, ಆದರೆ ಮೆಕ್‌ಲಾರೆನ್ 720ಎಸ್ ಕಾರಿನ ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಅದು ಹೊಂದಿಕೆಯಾಗುವುದಿಲ್ಲ. 2018ರ ಡಿಸೆಂಬರಿನಲ್ಲಿ ಹೊರಬಂದ ಅದರ ಸ್ಪೈಡರ್, ಅಂದರೆ ಛಾವಣಿ ತೆರೆಯುವ ಮಾದರಿಯ ಒಣ ತೂಕ (ಇಂಧನ, ಎಣ್ಣೆಯಂಥ ದ್ರವಗಳಿಲ್ಲದ ತೂಕ) 1,332 ಕೆ.ಜಿ.; ಛಾವಣಿ ಮುಚ್ಚಿದ ಮಾದರಿಯಾದ ಕೂಪೆಗಿಂತ 49 ಕೆ.ಜಿ. ಮಾತ್ರ ಹೆಚ್ಚು. ಎರಡರಲ್ಲೂ ಅದೇ 4 ಲೀಟರಿನ, ಎರಡು ಟರ್ಬೊಗಳ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನಗಳ) ವಿ8 ಎಂಜಿನ್, ಅದೇ 720 ಅಶ್ವಶಕ್ತಿ, ಅದೇ 770 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗವನ್ನು ಎರಡೂ 2.9 ಸೆಕೆಂಡಿನಲ್ಲಿ ಮುಟ್ಟುತ್ತವೆ. 200 ಕಿ.ಮೀ. ಮುಟ್ಟಲು ಕೂಪೆಗೆ 7.8 ಸೆಕೆಂಡು ಬೇಕು, ಸ್ಪೈಡರ್‌ಗೆ 7.9.

ಹಾಗಾದರೆ ಛಾವಣಿ ತೆಗೆದ ನಷ್ಟ ಎಲ್ಲಿಗೆ ಹೋಯಿತು? ಎಂಜಿನಿಯರಿಂಗ್ ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಇಲ್ಲಿ ಯಾರೂ ಇಂಥ ಕಾರನ್ನು ಕೊಳ್ಳಲು ಹೊರಟಿಲ್ಲವೆಂದು ಭಾವಿಸಿಯೇ ಕೇಳುತ್ತಿದ್ದೇನೆ, ಆದ್ದರಿಂದ ಬೆಲೆ ಮತ್ತು ಆಮದು ಸುಂಕದ ಮಾತು ಬೇಡ.

ಸಕ್ಕರೆನಾಡು ಚಾಸಿ, ಮಂಡ್ಯ:

ಆ ಕಾರಿನಲ್ಲಿ ಬಿಗಿತದ ಬಹುಪಾಲು ಕೆಲಸವನ್ನು ಛಾವಣಿಗೆ ಕೊಟ್ಟಿರಲೇ ಇಲ್ಲ. ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ ಇದು. ದೊಡ್ಡ ಉತ್ತರಕ್ಕೆ ಸ್ವಲ್ಪ ತಾಳ್ಮೆ ಬೇಕು.

ಇಡಿಯಾದ ಬಿದಿರಿನ ಗಳುವೊಂದನ್ನು ಎರಡು ಕೈಗಳಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿ, ಅದು ಜಗ್ಗುವುದಿಲ್ಲ. ಅದೇ ಗಳುವಿಗೆ ಉದ್ದಕ್ಕೂ ಒಂದು ಸೀಳು ಹಾಕಿ ಮತ್ತೆ ತಿರುಚಿದರೆ ಸಲೀಸಾಗಿ ಹೊರಳುತ್ತದೆ. ಬಿದಿರನ್ನು ಒಂದು ಚೂರೂ ತೆಗೆದಿಲ್ಲ, ಆದರೂ ಬಿಗಿತ ಹೋಯಿತು. ತೆಳುಗೋಡೆಯ ಕೊಳವೆಯ ತ್ರಿಜ್ಯವು ಗೋಡೆಯ ದಪ್ಪದ 10 ಪಟ್ಟಿದ್ದರೆ, ಸೀಳದ ಕೊಳವೆ ಸೀಳಿದ ಕೊಳವೆಗಿಂತ ತಿರುಚಿಗೆ 300 ಪಟ್ಟು ಬಿಗಿಯಾಗಿರುತ್ತದೆ ಎಂದು ಲೆಕ್ಕವೇ ಹೇಳುತ್ತದೆ. ಸಾಮಾನ್ಯ ಉಕ್ಕಿನ ಕಾರಿನಲ್ಲಿ ನೆಲ, ಕಂಬಗಳು, ಛಾವಣಿ ಸೇರಿ ಅಂಥ ಮುಚ್ಚಿದ ಕೊಳವೆಯಾಗಿರುತ್ತವೆ. ಛಾವಣಿ ತೆಗೆದರೆ ಸೀಳು ಬಿದ್ದಂತೆಯೇ. ಹಳೆಯ ಉಕ್ಕಿನ ಒಡಲಿನ ತೆರೆದ ಕಾರಿನ ಒಂದು ಮೂಲೆಗೆ ಜಾಕ್ ಹಾಕಿ ಎತ್ತಿ, ಬಾಗಿಲಿನ ಹಿಂದಿನ ಸಂದಿನಲ್ಲಿ ಬೆರಳಾಡಿಸಿದರೆ ಇದು ಕೈಗೇ ಸಿಗುತ್ತದೆ: ಸಂದು ಮೇಲುಗಡೆ ಒಂದು ಅಗಲ, ಕೆಳಗಡೆ ಇನ್ನೊಂದು ಅಗಲವಾಗಿರುತ್ತದೆ, ಆ ಸ್ಥಿತಿಯಲ್ಲಿ ಬಾಗಿಲು ತೆರೆದರೆ ಮತ್ತೆ ಮುಚ್ಚಲು ಒದ್ದಾಡಬೇಕಾಗುತ್ತದೆ.

720ಎಸ್‌ನಲ್ಲಿರುವಂಥ ಕಾರ್ಬನ್ ಫೈಬರ್ ಟಬ್‌ನಲ್ಲಿ, ಅಂದರೆ ಕೂತವರನ್ನು ಸುತ್ತುವರಿದ ತೊಟ್ಟಿಯಂಥ ಒಡಲಿನಲ್ಲಿ, ಇಡೀ ಕಾರು ಕೊಳವೆಯಲ್ಲ. ಬಾಗಿಲಿನ ಕೆಳಗೆ ಎರಡೂ ಬದಿಗೆ ಹಾದುಹೋಗುವ ದಪ್ಪ ಸಿಲ್‌ಗಳೇ ಮುಚ್ಚಿದ ಕೊಳವೆಗಳು. ಮುಂದಿನ ಮತ್ತು ಹಿಂದಿನ ಅಡ್ಡಗೋಡೆಗಳು ಅವೆರಡನ್ನೂ ಕಟ್ಟಿಹಾಕುತ್ತವೆ. ಫಾರ್ಮುಲಾ ಒನ್ ಕಾರಿಗೆ ಛಾವಣಿಯೇ ಇಲ್ಲ, ಆದರೂ ಅದರ ಬಿಗಿತವನ್ನು ಯಾರೂ ಪ್ರಶ್ನಿಸುವುದಿಲ್ಲ. ಅಲ್ಲಿ 1981ರಲ್ಲಿ ಕಾರ್ಬನ್ ಒಡಲನ್ನು ಮೊದಲು ಓಡಿಸಿದ್ದೂ ಮೆಕ್‌ಲಾರೆನ್ನೇ. ಅವರ 12ಸಿ ಕಾರಿನ ಟಬ್ ಕೇವಲ 75 ಕೆ.ಜಿ. ಇತ್ತು. 720ಎಸ್ ಕೂಪೆಯ ಟಬ್‌ನಲ್ಲಿ ಛಾವಣಿಯ ಚೌಕಟ್ಟೂ ಕಾರ್ಬನ್ನಿನದೇ. ಸ್ಪೈಡರ್‌ನಲ್ಲಿ ಆ ಭಾಗವನ್ನು ಬಿಟ್ಟು, ಆಸನಗಳ ಹಿಂದಿನ ಕಂಬಗಳನ್ನು ಕಾರ್ಬನ್ನಿನಲ್ಲೇ ಹೊಸದಾಗಿ ರೂಪಿಸಿದ್ದಾರೆ. ಹೆಚ್ಚಾದ 49 ಕೆ.ಜಿ.ಯಲ್ಲಿ ದೊಡ್ಡ ಪಾಲು ಛಾವಣಿ ಮಡಚುವ ಯಂತ್ರದ್ದೇ ಹೊರತು ಒಡಲಿಗೆ ಹಾಕಿದ ತೇಪೆಯದ್ದಲ್ಲ.

ಹೂಟಗಳ್ಳಿ ಎರಡನೇ ಪಾಳಿ, ಮೈಸೂರು:

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಎಲ್ಲ ಸೂಪರ್‌ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಲ್ಯಾಂಬೋರ್ಗಿನಿ ಹುರಕಾನ್ ತೆಗೆದುಕೊಳ್ಳಿ. ಅದರ ಒಡಲು ಅಲ್ಯೂಮಿನಿಯಂ ಮತ್ತು ಕಾರ್ಬನ್ ಎರಡನ್ನೂ ಬೆರೆಸಿ ಮಾಡಿದ್ದು. ಕೂಪೆಯ ಒಣ ತೂಕ 1,422 ಕೆ.ಜಿ., 2015ರ ಸ್ಪೈಡರ್‌ನದು 1,542 ಕೆ.ಜಿ. ಬಟ್ಟೆಯ ಛಾವಣಿಯಾಗಿದ್ದರೂ 120 ಕೆ.ಜಿ. ಏರಿತು. 100 ಕಿ.ಮೀ. ವೇಗಕ್ಕೆ 3.2 ಸೆಕೆಂಡು ಇದ್ದದ್ದು 3.4 ಆಯಿತು. ಫೆರಾರಿ ಮಾತ್ರ 2011ರ 458 ಸ್ಪೈಡರ್‌ನಲ್ಲಿ ಬಟ್ಟೆಯನ್ನೇ ಬಿಟ್ಟು ಅಲ್ಯೂಮಿನಿಯಂ ಗಟ್ಟಿ ಛಾವಣಿ ಹಾಕಿ, ಅದು ಬಟ್ಟೆಯ ಛಾವಣಿಗಿಂತ 25 ಕೆ.ಜಿ. ಹಗುರವೆಂದು ಹೇಳಿಕೊಂಡಿತು. ಎಂಜಿನ್ ಆಸನಗಳ ಹಿಂದೆ, ಕಾರಿನ ನಡುಭಾಗದಲ್ಲಿರುವ ಕಾರಿಗೆ ಮಡಚುವ ಗಟ್ಟಿ ಛಾವಣಿ ಬಂದದ್ದು ಅದೇ ಮೊದಲು. ಬಟ್ಟೆ ಎಂದರೆ ಹಗುರ ಎಂಬ ನಂಬಿಕೆಯೇ ಇಲ್ಲಿ ಕೈಕೊಡುತ್ತದೆ. ಬಟ್ಟೆಯನ್ನು 300 ಕಿ.ಮೀ. ವೇಗದಲ್ಲೂ ಉಬ್ಬದಂತೆ ಹಿಡಿದಿಡುವ ಚೌಕಟ್ಟಿಗೂ ತೂಕವಿದೆ.

ಬಿಗಿತವೆಂದರೆ ಬರೀ ವೇಗದ ವಿಷಯವೂ ಅಲ್ಲ. ಚಕ್ರ, ಟೈರು, ಬ್ರೇಕ್, ಹಬ್ ಸೇರಿದ ಭಾಗ ಗುಂಡಿ ಹಾರಿದಾಗ ಸೆಕೆಂಡಿಗೆ ಸುಮಾರು 10ರಿಂದ 15 ಬಾರಿ ಕುಪ್ಪಳಿಸುತ್ತದೆ. ಒಡಲು ತಾನೇ ತಿರುಚಿ ಅದುರುವ ಸಹಜ ಕಂಪನಾಂಕ ಇದಕ್ಕಿಂತ ಬಹಳ ಮೇಲಿದ್ದರೆ ತೊಂದರೆಯಿಲ್ಲ. ಛಾವಣಿ ತೆಗೆದು ಬಿಗಿತ ಇಳಿದಂತೆ ಆ ಕಂಪನಾಂಕವೂ ಇಳಿದು ಚಕ್ರದ ಕುಪ್ಪಳಿಕೆಯ ಹತ್ತಿರ ಬಂದಾಗ, ಒಂದು ಇನ್ನೊಂದನ್ನು ಕೆಣಕುತ್ತದೆ. ಒಳಗನ್ನಡಿಯಲ್ಲಿ ಹಿಂದಿನ ವಾಹನ ಮಸುಕಾಗಿ ಕಾಣುತ್ತದೆ, ವಿಂಡ್‌ಸ್ಕ್ರೀನಿನ ಚೌಕಟ್ಟು ಬಾಗಿಲಿನ ಗಾಜಿನ ಎದುರು ನಡುಗುತ್ತದೆ, ಸ್ಟೀರಿಂಗ್ ಕಂಬ ಕೈಯಲ್ಲಿ ಜುಮುಗುಡುತ್ತದೆ. ಇದನ್ನು ಸ್ಕಟ್ಲ್ ಶೇಕ್ ಎನ್ನುತ್ತಾರೆ. ಇದು ಇರುವ ಕಾರಿನಲ್ಲಿ ಸಸ್ಪೆನ್ಷನ್ ಎಷ್ಟು ಚೆನ್ನಾಗಿದ್ದರೂ ವ್ಯರ್ಥ, ಏಕೆಂದರೆ ಒಡಲೇ ಲೆಕ್ಕಕ್ಕೆ ಸಿಗದ ಇನ್ನೊಂದು ಸ್ಪ್ರಿಂಗ್ ಆಗಿರುತ್ತದೆ.

ಕುಕ್ಕರಹಳ್ಳಿ ಏರಿ, ಮೈಸೂರು:

ಹೆಚ್ಚಿದ ತೂಕ ಎಷ್ಟು ಎಂಬುದಕ್ಕಿಂತ ಎಲ್ಲಿ ಕೂತಿದೆ ಎಂಬುದು ಮುಖ್ಯವಲ್ಲವೇ? ಛಾವಣಿ ಮಡಚಿ ಎಂಜಿನ್ನಿನ ಮೇಲೆ ಕೂತಾಗ ತಿರುವಿನಲ್ಲಿ ಕಾರಿನ ನಡತೆ ಬದಲಾಗುವುದಿಲ್ಲವೇ?

ಸಕ್ಕರೆನಾಡು ಚಾಸಿ, ಮಂಡ್ಯ:

ಬದಲಾಗುತ್ತದೆ, ಆದರೆ ಒಳ್ಳೆಯದು ಕೆಟ್ಟದ್ದು ಎರಡೂ ಬೆರೆತು. ಮುಚ್ಚಿದ್ದಾಗ ಛಾವಣಿಯೇ ಕಾರಿನ ಅತಿ ಎತ್ತರದ ಭಾಗ. ಮಡಚಿದಾಗ ಅದು ಕೆಳಗಿಳಿಯುತ್ತದೆ, ಹಾಗಾಗಿ ಗುರುತ್ವ ಕೇಂದ್ರವೂ ಒಂದಿಷ್ಟು ಇಳಿಯುತ್ತದೆ. ಅದೇ ವೇಳೆಗೆ ಭಾರ ಹಿಂದಕ್ಕೆ ಸರಿಯುವುದರಿಂದ ಹಿಂದಿನ ಚಕ್ರಗಳ ಪಾಲು ಹೆಚ್ಚಾಗುತ್ತದೆ. ಸಾಮಾನ್ಯ ಚಾಲಕನಿಗೆ ಇದು ಗೊತ್ತಾಗುವುದೇ ಅನುಮಾನ. ಜಾಗದ ಸಮಸ್ಯೆ ಇದಕ್ಕಿಂತ ದೊಡ್ಡದು. ಫೆರಾರಿ 296 ಜಿಟಿಎಸ್‌ನಲ್ಲಿ 2,992 ಸಿಸಿಯ ವಿ6 ಎಂಜಿನ್ನಿನಿಂದ 663 ಅಶ್ವಶಕ್ತಿ, ವಿದ್ಯುತ್ ಮೋಟಾರಿನಿಂದ 167, ಒಟ್ಟು 830. ಅದರ ಸಿಲಿಂಡರುಗಳ ಎರಡು ಸಾಲುಗಳ ನಡುವಿನ ಕೋನ 120 ಡಿಗ್ರಿ ಇರುವುದರಿಂದ ಎಂಜಿನ್ ಗಿಡ್ಡವಾಗಿ, ಅಗಲವಾಗಿ, ತಗ್ಗಿ ಕೂತಿದೆ. ಛಾವಣಿ ಮಡಚಿ ಇಡಲು ಮೇಲೆ ಜಾಗ ಸಿಕ್ಕಿದ್ದರಲ್ಲಿ ಇದರ ಪಾಲಿದೆ. ಆದರೂ ಕೂಪೆಗಿಂತ 70 ಕೆ.ಜಿ. ಹೆಚ್ಚು, 1,540 ಕೆ.ಜಿ.

ಜಾವಾ ಯಾದವಗಿರಿ, ಮೈಸೂರು:

ನಮ್ಮ ಬಡಾವಣೆಯಲ್ಲೇ ತಯಾರಾದ ಜಾವಾ ಬೈಕಿನ ಮೇಲೆ ಕೂತು ಬೆಳೆದವನಿಗೆ ಛಾವಣಿಯೇ ಒಂದು ಐಷಾರಾಮ. ಅದು ಹಾಗಿರಲಿ. ನೀವೆಲ್ಲರೂ ಮೊದಲು ಕೂಪೆಯನ್ನು ಮಾಡಿ ನಂತರ ಅದರ ಛಾವಣಿ ತೆಗೆದ ಕಾರುಗಳ ಬಗ್ಗೆಯೇ ಮಾತನಾಡುತ್ತಿದ್ದೀರಿ. ಪೋರ್ಷೆ ಕರೇರಾ ಜಿಟಿ ಹುಟ್ಟಿದ್ದೇ ತೆರೆದ ಕಾರಾಗಿ. ಅದಕ್ಕೆ ಕೂಪೆಯ ಅಣ್ಣನೇ ಇರಲಿಲ್ಲ. ಟಬ್ ಅಷ್ಟೇ ಅಲ್ಲ, ಎಂಜಿನ್ನನ್ನು ಹೊತ್ತ ಹಿಂದಿನ ಚೌಕಟ್ಟೂ ಕಾರ್ಬನ್ನಿನದೇ. ಕೈಯಲ್ಲೇ ಬಿಚ್ಚಿ ಮುಂದಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವ ಎರಡು ಹಗುರ ಕಾರ್ಬನ್ ಹಲಗೆಗಳೇ ಅದರ ಛಾವಣಿ. ಮೋಟಾರಿಲ್ಲ, ಕೊಂಡಿಗಳ ಸರಪಳಿಯಿಲ್ಲ. ಮೂಲತಃ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ಓಟಕ್ಕೆಂದು ಯೋಜಿಸಿದ್ದ ವಿ10 ಎಂಜಿನ್ 5.7 ಲೀಟರಿಗೆ ಬೆಳೆದು 612 ಅಶ್ವಶಕ್ತಿ ಕೊಡುತ್ತಿತ್ತು. ಒಟ್ಟು ತೂಕ 1,380 ಕೆ.ಜಿ. ನನ್ನ ದೃಷ್ಟಿಯಲ್ಲಿ ತೆರೆದ ಸೂಪರ್‌ಕಾರಿಗೆ ಅದಕ್ಕಿಂತ ಪ್ರಾಮಾಣಿಕ ಪರಿಹಾರ ಇನ್ನೂ ಬಂದಿಲ್ಲ.

ಅದರ ಉತ್ತರಾಧಿಕಾರಿಯಾದ 918 ಸ್ಪೈಡರ್ ಕೂಡ ಬಿಚ್ಚುವ ಛಾವಣಿಯದೇ. 2013ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಓಟದ ಪಥದ ಸುತ್ತನ್ನು 6 ನಿಮಿಷ 57 ಸೆಕೆಂಡಿನಲ್ಲಿ ಮುಗಿಸಿದ್ದು ಅದೇ ಕಾರು. ಓಟಕ್ಕೆ ಅಷ್ಟಕ್ಕಷ್ಟೇ ಎನ್ನುವವರಿಗೆ ಇದನ್ನು ತೋರಿಸಿ.

ಲಲಿತಮಹಲ್ ಗಾಳಿ, ಮೈಸೂರು:

ಬಿಗಿತ, ತೂಕಗಳ ಮಾತು ಸಾಕಷ್ಟಾಯಿತು. ತೆರೆದ ಕಾರು ನಿಜವಾಗಿ ದಂಡ ತೆರುವುದು ಗಾಳಿಗೆ. 720ಎಸ್ ಸ್ಪೈಡರ್‌ನ ಗರಿಷ್ಠ ವೇಗ ಛಾವಣಿ ಮುಚ್ಚಿದ್ದಾಗ 341 ಕಿ.ಮೀ., ತೆರೆದಾಗ 325. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ ಅದೇ, ಶಕ್ತಿ ಅದೇ ಎಂದಾದರೆ 341ನ್ನು 325ರಿಂದ ಭಾಗಿಸಿ ಘನ ತೆಗೆದಾಗ ಸುಮಾರು 1.15 ಬರುತ್ತದೆ. ಅಂದರೆ ಛಾವಣಿ ತೆರೆದಾಗ ಗಾಳಿಯ ತಡೆ ಹೆಚ್ಚುಕಡಿಮೆ ಶೇ. 15ರಷ್ಟು ಹೆಚ್ಚಿದಂತೆ.

ಕೂತವರಿಗೆ ಆಗುವುದು ಬೇರೆಯದೇ. ವಿಂಡ್‌ಸ್ಕ್ರೀನಿನ ಮೇಲಂಚನ್ನು ಬಿಟ್ಟ ಗಾಳಿ ತಲೆಯ ಮೇಲಿಂದ ಹಾದು, ಆಸನಗಳ ಹಿಂದೆ ಕೆಳಕ್ಕೆ ಸುರುಳಿಯಾಗಿ ಮತ್ತೆ ಮುಂದಕ್ಕೆ ನುಗ್ಗುತ್ತದೆ. ಹಾಗಾಗಿ ತೆರೆದ ಕಾರಿನಲ್ಲಿ ಗಾಳಿ ಬಡಿಯುವುದು ಮುಖಕ್ಕಲ್ಲ, ಕತ್ತಿನ ಹಿಂಭಾಗಕ್ಕೆ. ಆಸನಗಳ ಹಿಂದಿನ ಪುಟ್ಟ ಗಾಜನ್ನು ಏರಿಸಿದರೆ ಆ ಹಿಮ್ಮುಖ ಸುರುಳಿ ತುಂಡಾಗುತ್ತದೆ. ಎಷ್ಟು ಏರಿಸಿದರೆ ಸದ್ದು ಕಡಿಮೆ, ಎಷ್ಟು ಏರಿಸಿದರೆ ಕಿವಿಯಲ್ಲಿ ಡಬಡಬ ಬಡಿತ ಶುರು ಎಂಬುದನ್ನು ತಯಾರಕರು ಗಾಳಿ ಸುರಂಗದಲ್ಲಿ ದಿನಗಟ್ಟಲೆ ಕೂತು ಗೊತ್ತುಮಾಡುತ್ತಾರೆ. ಹಿಂದಿನ ರೆಕ್ಕೆಗೆ ತಲುಪುವ ಗಾಳಿಯೂ ಛಾವಣಿ ತೆರೆದಾಗ ಕದಡಿರುತ್ತದೆ. ಅದೇ ಡೌನ್‌ಫೋರ್ಸ್ (ಕಾರನ್ನು ನೆಲಕ್ಕೆ ಒತ್ತುವ ಗಾಳಿಯ ಬಲ) ಸಿಗಬೇಕೆಂದರೆ ರೆಕ್ಕೆಯ ಕೋನವನ್ನು ಎರಡು ಸ್ಥಿತಿಗಳಿಗೂ ಬೇರೆ ಬೇರೆಯಾಗಿ ಹೊಂದಿಸಬೇಕು.

ಹೂಟಗಳ್ಳಿ ಎರಡನೇ ಪಾಳಿ, ಮೈಸೂರು:

ಆ ಶೇ. 15ರ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಛಾವಣಿ ತೆರೆದಾಗಿನ ಗರಿಷ್ಠ ವೇಗವನ್ನು ಕೆಲವೊಮ್ಮೆ ಗಾಳಿಯಲ್ಲ, ತಯಾರಕರೇ ಎಲೆಕ್ಟ್ರಾನಿಕ್ ಮಿತಿ ಹಾಕಿ ನಿರ್ಧರಿಸಿರುತ್ತಾರೆ. ಬುಗಾಟಿ ವೇರಾನ್ ಗ್ರ್ಯಾಂಡ್ ಸ್ಪೋರ್ಟ್‌ನಲ್ಲಿ ಮಳೆ ಬಂದರೆ ಛತ್ರಿಯಂತೆ ಬಿಚ್ಚುವ ಒಂದು ತಾತ್ಕಾಲಿಕ ಬಟ್ಟೆಯ ಛಾವಣಿಯಿತ್ತು. ಅದನ್ನು ಹಾಕಿಕೊಂಡರೆ 130 ಕಿ.ಮೀ. ಮೀರುವಂತಿರಲಿಲ್ಲ. ಅಲ್ಲಿ ಮಿತಿ ಬಟ್ಟೆಯದು, ಎಂಜಿನ್ನಿನದಲ್ಲ.

ಲಲಿತಮಹಲ್ ಗಾಳಿ, ಮೈಸೂರು:

ಒಪ್ಪಿದೆ, ನನ್ನ ಲೆಕ್ಕ ಶಕ್ತಿಯೇ ಮಿತಿಯಾದಾಗ ಮಾತ್ರ ಸಲ್ಲುತ್ತದೆ. ಆದರೆ ಅದೇ ಬುಗಾಟಿಯ ತೆರೆದ ಕಾರಾದ ಡಬ್ಲ್ಯು16 ಮಿಸ್ಟ್ರಾಲ್ 2024ರ ನವೆಂಬರಿನಲ್ಲಿ ಜರ್ಮನಿಯ ಪಾಪೆನ್‌ಬರ್ಗ್ ಪರೀಕ್ಷಾ ಪಥದಲ್ಲಿ 453.91 ಕಿ.ಮೀ. ವೇಗ ಮುಟ್ಟಿದ್ದನ್ನೂ ನೆನಪಿಸಿಕೊಳ್ಳಿ. ಗಾಳಿ ಎಷ್ಟೇ ತಡೆದರೂ 1,600 ಅಶ್ವಶಕ್ತಿಯ ಮುಂದೆ ಅದರ ಆಟ ಅಷ್ಟಾಗಿ ನಡೆಯಲಿಲ್ಲ.

ಬೆಟ್ಟದ ತಪ್ಪಲು, ಮೈಸೂರು:

ಈ ಅಂಕಿಗಳೆಲ್ಲ ಯುರೋಪಿನ ತಗ್ಗು ನೆಲದವು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಸಾಂದ್ರತೆ ಅಲ್ಲಿಗಿಂತ ಶೇ. 7ರಷ್ಟು ಕಡಿಮೆ. ಟರ್ಬೊ ಇಲ್ಲದ ಹುರಕಾನ್‌ನ ವಿ10 ಎಂಜಿನ್ ಅಷ್ಟೇ ಪ್ರಮಾಣದ ಆಮ್ಲಜನಕವನ್ನೂ, ಅದರೊಂದಿಗೆ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. 610 ಅಶ್ವಶಕ್ತಿಯಲ್ಲಿ 40ರಷ್ಟು ಇಲ್ಲಿಗೆ ಬರುವುದೇ ಇಲ್ಲ. ಟರ್ಬೊ ಇರುವ ಎಂಜಿನ್ ತನ್ನ ಕಂಪ್ರೆಸರನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ತಮಾಷೆಯೆಂದರೆ ಗಾಳಿ ತೆಳುವಾದಾಗ ಅದರ ತಡೆಯೂ ಶೇ. 7ರಷ್ಟು ಇಳಿಯುವುದರಿಂದ ವಿ10 ಕಾರಿನ ಗರಿಷ್ಠ ವೇಗ ಹೆಚ್ಚೇನೂ ಬದಲಾಗುವುದಿಲ್ಲ. ಪೆಟ್ಟು ಬೀಳುವುದು ವೇಗ ಹಿಡಿಯುವ ಶಕ್ತಿಗೆ. 120 ಕೆ.ಜಿ. ಹೆಚ್ಚು ಹೊತ್ತ ಕಾರಿಗೆ ಈ ಪೆಟ್ಟು ಜೋಡಿಯಾಗಿ ತಾಗುತ್ತದೆ.

ದಶಪಥ ಪ್ರಯಾಣಿಕ, ಮದ್ದೂರು:

ಇಲ್ಲಿಯವರೆಗಿನ ಚರ್ಚೆ ಓದಿ ಸಂತೋಷವಾಯಿತು, ಆದರೆ ಇವನ್ನೆಲ್ಲ ಎಲ್ಲಿ ಓಡಿಸುವುದು? 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿನ ವೇಗಮಿತಿ 100 ಕಿ.ಮೀ.; ಉದ್ದಕ್ಕೂ ಕ್ಯಾಮೆರಾಗಳಿವೆ. ಸೂಪರ್‌ಕಾರು ಮೂರು ಸೆಕೆಂಡಿನೊಳಗೆ ಆ ಮಿತಿ ಮುಟ್ಟಿದ ಮೇಲೆ ಉಳಿದ ನೂರು ಚಿಲ್ಲರೆ ಕಿ.ಮೀ. ಸುಮ್ಮನೆ ಕೂತಿರಬೇಕು. ಹೀಗಿರುವಾಗ ತೆರೆದ ಕಾರೇ ಇಲ್ಲಿಗೆ ಹೆಚ್ಚು ಯೋಗ್ಯವೆಂದು ನನ್ನ ವಾದ. ಮುಚ್ಚಿದ ಕಾರಿನಲ್ಲಿ 100 ಕಿ.ಮೀ. ಎಂದರೆ ಏನೂ ಅಲ್ಲ. ತೆರೆದ ಕಾರಿನಲ್ಲಿ ಎಂಜಿನ್ ಉಸಿರೆಳೆಯುವುದು, ಟರ್ಬೊ ಸಿಳ್ಳೆ ಹಾಕುವುದು, ಮೇಲ್ಸೇತುವೆಯ ತಡೆಗೋಡೆಗೆ ಬಡಿದು ಮರಳುವ ಸೈಲೆನ್ಸರಿನ ಸದ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಮಳೆಗಾಲದಲ್ಲೂ ನಿರಾಸೆಯಿಲ್ಲ. ಛಾವಣಿ ಮುಚ್ಚಿಕೊಂಡು ಹಿಂದಿನ ಪುಟ್ಟ ಗಾಜನ್ನಷ್ಟೇ ಇಳಿಸಿದರೆ ನೀರು ಬರದೆ ಸದ್ದು ಮಾತ್ರ ಒಳಗೆ ಬರುವಂತೆ 720ಎಸ್, ಹುರಕಾನ್ ಎರಡರಲ್ಲೂ ವ್ಯವಸ್ಥೆಯಿದೆ.

ಸಕ್ಕರೆನಾಡು ಚಾಸಿ, ಮಂಡ್ಯ:

ಮಳೆಯ ಮಾತು ಬಂದದ್ದರಿಂದ ಛಾವಣಿಯ ಯಂತ್ರದ ಬಗ್ಗೆ ಎರಡು ಮಾತು. ಹೊರಗೆ ನಿಂತು ನೋಡುವವರಿಗೆ 720ಎಸ್ ಸ್ಪೈಡರ್‌ನಲ್ಲಿ ಅದು 11 ಸೆಕೆಂಡಿನ ಚಮತ್ಕಾರ. ಮೊದಲು ಹಿಂದಿನ ದೊಡ್ಡ ಮುಚ್ಚಳ ಮೇಲೆದ್ದು ಹಿಂದಕ್ಕೆ ಸರಿಯುತ್ತದೆ. ಛಾವಣಿಯ ಹಲಗೆ ವಿಂಡ್‌ಸ್ಕ್ರೀನಿನ ಕೊಂಡಿಯಿಂದ ಬಿಡಿಸಿಕೊಂಡು ಹಿಂದಕ್ಕೆ ತೇಲಿ ಗುಳಿಯೊಳಗೆ ಇಳಿಯುತ್ತದೆ. ಮುಚ್ಚಳ ಮತ್ತೆ ಅದರ ಮೇಲೆ ಕೂರುತ್ತದೆ. ಹಿಂದಿನ 650ಎಸ್‌ನಲ್ಲಿ ಈ ಕೆಲಸವನ್ನು ಹೈಡ್ರಾಲಿಕ್ ಮಾಡುತ್ತಿತ್ತು, 720ಎಸ್‌ನಲ್ಲಿ ವಿದ್ಯುತ್ ಮೋಟಾರುಗಳು ಮಾಡುತ್ತವೆ, 50 ಕಿ.ಮೀ. ವೇಗದವರೆಗೆ ಓಡುತ್ತಲೇ ತೆರೆಯಬಹುದು. ಮೋಟಾರಿಗೆ ತಾನು ಎಲ್ಲಿದ್ದೇನೆಂದು ಹೇಳುವ ಸೆನ್ಸರ್‌ಗಳಲ್ಲಿ ಒಂದು ಧೂಳು ಕುಡಿದರೂ ಇಡೀ ನಾಟಕ ಅರ್ಧಕ್ಕೇ ನಿಲ್ಲಬಹುದು. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸುತ್ತ ರಸ್ತೆಯ ಮೇಲೆ ಹಾರುವ ತರಗು, ರವದೆಗಳನ್ನು ನೋಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮುಚ್ಚಳದ ಅಂಚಿನ ನೀರು ಹರಿಯುವ ತೂತುಗಳು ಕಟ್ಟಿಕೊಂಡರೆ ಮೊದಲ ಜಡಿಮಳೆಯ ನೀರು ಎಲ್ಲಿಗೆ ಇಳಿಯಬಾರದೋ ಅಲ್ಲಿಗೇ ಇಳಿಯುತ್ತದೆ.

ಕುಕ್ಕರಹಳ್ಳಿ ಏರಿ, ಮೈಸೂರು:

ಕಾರು ಮಗುಚಿದರೆ ತಲೆಗೆ ರಕ್ಷಣೆ ಏನು ಎಂಬುದನ್ನೂ ಯಾರಾದರೂ ಹೇಳಬೇಕು.

ಜಾವಾ ಯಾದವಗಿರಿ, ಮೈಸೂರು:

ಎರಡು ದಾರಿಗಳಿವೆ. ಹುರಕಾನ್ ಸ್ಪೈಡರ್‌ನಲ್ಲಿ ಆಸನಗಳ ಹಿಂದೆ ಅಡಗಿರುವ ಕಮಾನುಗಳು ಅಪಾಯದ ಸೂಚನೆ ಸಿಕ್ಕ ಕೂಡಲೇ ಮೇಲಕ್ಕೆ ಚಿಮ್ಮುತ್ತವೆ. 720ಎಸ್ ಸ್ಪೈಡರ್‌ನಲ್ಲಿ ಸ್ಥಿರವಾದ ಕಾರ್ಬನ್ ಕಂಬಗಳೇ ಆ ಕೆಲಸ ಮಾಡುತ್ತವೆ. ಎರಡರಲ್ಲೂ ವಿಂಡ್‌ಸ್ಕ್ರೀನಿನ ಚೌಕಟ್ಟು ಮುಂದಿನ ಆಧಾರ. ಚಿಮ್ಮುವುದಕ್ಕಿಂತ ಸ್ಥಿರವಾಗಿರುವುದನ್ನೇ ನಾನು ಹೆಚ್ಚು ನಂಬುತ್ತೇನೆ.

ದಶಪಥ ಪ್ರಯಾಣಿಕ, ಮದ್ದೂರು:

ಹೆದ್ದಾರಿ ಬಿಟ್ಟು ಊರೊಳಗೆ ಬಂದರೆ ಹಂಪ್‌ಗಳ ಗತಿ ಏನು? ತಗ್ಗಿನ ಕಾರುಗಳನ್ನು ಹಂಪ್ ಮೇಲೆ ಓರೆಯಾಗಿ ದಾಟಿಸುತ್ತಾರೆ. ಮೇಲೆ ಹೇಳಿದ ತಿರುಚು ಬರುವುದು ಅಲ್ಲಿಯೇ ಅಲ್ಲವೇ?

ಸಕ್ಕರೆನಾಡು ಚಾಸಿ, ಮಂಡ್ಯ:

ಈ ಚರ್ಚೆಯಲ್ಲಿ ಬಂದ ಅತ್ಯಂತ ಉಪಯುಕ್ತ ಪ್ರಶ್ನೆ ಇದು. ಓರೆಯಾಗಿ ಹತ್ತಿದಾಗ ಒಂದು ಮುಂಚಕ್ರ ಮೊದಲು ಏರುತ್ತದೆ, ಅದರ ಜೊತೆಗಾರ ಕೆಳಗೇ ಇರುತ್ತದೆ. ದಾಟು ಮುಗಿಯುವ ಹೊತ್ತಿಗೆ ಹಿಂಚಕ್ರಗಳಲ್ಲೂ ಅದೇ ನಡೆಯುತ್ತದೆ. ಗಂಟೆಗೆ 5 ಕಿ.ಮೀ. ವೇಗದಲ್ಲಿ ಒಡಲಿಗೆ ಸಿಗುವ ಈ ತಿರುಚು, ವೇಗದ ತಿರುವಿನಲ್ಲಿ ಸಿಗುವುದಕ್ಕಿಂತ ಹೆಚ್ಚಿರಬಹುದು. ಬಾಗಿಲಿನ ರಬ್ಬರು ಕಿರುಗುಟ್ಟುವುದು, ಗಾಜು ಚೌಕಟ್ಟಿಗೆ ತಿಕ್ಕಿ ಟಿಕ್ ಎನ್ನುವುದು ಕೇಳಿಸಿದರೆ ಅಲ್ಲಿಯೇ ಕೇಳಿಸುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ ಎಂದರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಉಬ್ಬು. 720ಎಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.67 ಮೀಟರ್. ನಾಲ್ಕೂ ಚಕ್ರಗಳು ಅಂಥ ಉಬ್ಬಿನ ಮೇಲಿದ್ದಾಗ ನಡುವೆ ನೆಲ ಏರುವುದು ಸುಮಾರು 52 ಮಿ.ಮೀ. ಮಾತ್ರ. ಹೊಟ್ಟೆ ತಾಗುವುದಿಲ್ಲ, ಮೂತಿ ತಾಗುವ ಭಯವಿದ್ದರೆ ಗುಂಡಿ ಒತ್ತಿ ಮೂತಿಯನ್ನು ಎತ್ತಿಕೊಂಡು ನೇರವಾಗಿ ದಾಟಬಹುದು. ಎರಡೂ ಮುಂಚಕ್ರಗಳು ಒಟ್ಟಿಗೆ ಏರುವುದರಿಂದ ತಿರುಚಿನ ಪ್ರಶ್ನೆಯೇ ಏಳುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ, ಗೇಣಗಲದ ಮೊನಚು ದಿಬ್ಬಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಮೂತಿ ಪಾರಾದರೂ ಹೊಟ್ಟೆ ತಾಗುವುದರಿಂದ ಓರೆಯಾಗಿಯೇ ಹೋಗಬೇಕು.

ಅಂಥ ಕಡೆ ಮೆಕ್‌ಲಾರೆನ್‌ನ ಸಸ್ಪೆನ್ಷನ್‌ಗೆ ಒಂದು ಅನುಕೂಲವಿದೆ. ಅದರಲ್ಲಿ ಎಡಬಲ ಚಕ್ರಗಳನ್ನು ಬಂಧಿಸುವ ಆ್ಯಂಟಿ ರೋಲ್ ಸಲಾಕೆಗಳಿಲ್ಲ. ನಾಲ್ಕೂ ಡ್ಯಾಂಪರುಗಳನ್ನು (ಕುಲುಕು ತಗ್ಗಿಸುವ ಶಾಕ್ ಅಬ್ಸಾರ್ಬರ್‌ಗಳನ್ನು) ಹೈಡ್ರಾಲಿಕ್ ಕೊಳವೆಗಳಿಂದ ಒಂದಕ್ಕೊಂದು ಜೋಡಿಸಲಾಗಿದೆ. ತಿರುವಿನಲ್ಲಿ ವಾಲುವುದನ್ನು ಅದು ತಡೆಯುತ್ತದೆ, ಆದರೆ ಒಂದೇ ಚಕ್ರ ಏರಿದಾಗ ಅದನ್ನು ಬಹುಮಟ್ಟಿಗೆ ತನ್ನ ಪಾಡಿಗೆ ಏರಲು ಬಿಡುತ್ತದೆ. ತಿರುಚಿನ ಹೆಚ್ಚಿನ ಪಾಲನ್ನು ಸಸ್ಪೆನ್ಷನ್ನೇ ನುಂಗಿಕೊಳ್ಳುವುದರಿಂದ ಒಡಲಿಗೆ ತಲುಪುವುದು ಕಡಿಮೆ. ದಪ್ಪ ಸಲಾಕೆಗಳಿರುವ ಬೇರೆ ತೆರೆದ ಕಾರುಗಳನ್ನು ಅಂಥ ದಿಬ್ಬದ ಮೇಲೆ ಓರೆಯಾಗಿ ದಾಟಿಸುವಾಗ ಛಾವಣಿಯನ್ನು ಪೂರ್ತಿ ಮುಚ್ಚಿ ಅಥವಾ ಪೂರ್ತಿ ತೆರೆದಿಟ್ಟುಕೊಳ್ಳಿ. ಅರ್ಧ ತೆರೆದ ಛಾವಣಿಯೊಂದಿಗೆ ಮಾತ್ರ ಹೋಗಬೇಡಿ, ಏಕೆಂದರೆ ಆ ಸ್ಥಿತಿಯಲ್ಲಿ ಒಡಲಿನ ತಿರುಚು ನೇರವಾಗಿ ಮಡಚುವ ಕೊಂಡಿಗಳ ಮೇಲೆ ಬೀಳುತ್ತದೆ.